ಅನ್ನ ಬಿಟ್ಟರೆ ಸೊಂಟ ಇಳಿಯುವುದೇ? ಮುಟ್ಟು ನಿಲ್ಲುವ ವಯಸ್ಸಿನ ಪ್ರಶ್ನೆಗಳು

ಮುಟ್ಟು ನಿಲ್ಲುವ ಕಾಲದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೈ ಬಿಸಿಯಾಗುವುದು, ನಿದ್ದೆ ಬಾರದಿರುವುದು, ಕೀಲುನೋವು ಎಲ್ಲವೂ ಇರುತ್ತವೆ. ಈ ಸಲ ಹೆಚ್ಚಿನವರು ಕೇಳಿರುವುದು ತೂಕದ ಬಗ್ಗೆ, ಮತ್ತು ಆ ತೂಕ ಇಳಿಸಿಕೊಳ್ಳಬೇಕೆಂದು ಸುತ್ತಲಿನವರು ಹೇರುವ ಒತ್ತಾಯದ ಬಗ್ಗೆ. ಬರೆದವರ ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬಿಟ್ಟು ಆರು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 49 ವರ್ಷ. ಬಸವನಗುಡಿಯಲ್ಲಿ ವಾಸ, ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮುಟ್ಟು ನಿಂತು 14 ತಿಂಗಳಾಯಿತು. ಮೂರು ವರ್ಷಗಳ ಹಿಂದೆ 59 ಕಿಲೋ ಇದ್ದವಳು 66 ಕಿಲೋ ಆದೆ. ಕೈಕಾಲು ಹಾಗೆಯೇ ಇವೆ, ಹೊಟ್ಟೆ ಮಾತ್ರ ಬೆಳೆದಿದೆ. ರವಿಕೆಗಳ ಒಳಗೆ ದರ್ಜಿ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿಸಿದ್ದಾಯಿತು. ನಾಲ್ಕು ತಿಂಗಳಲ್ಲಿ ಮಗಳ ಮದುವೆ. ‘ಧಾರೆಯ ಫೋಟೋದಲ್ಲಿ ಹೀಗೇ ಕಾಣಿಸ್ತೀಯಾ?’ ಎಂದು ಹಿರಿಯ ವಾರಗಿತ್ತಿ ಕೇಳಿದ ದಿನದಿಂದ ಅನ್ನ, ಚಪಾತಿ, ಬೇಳೆ, ಹಾಲು ಬಿಟ್ಟಿದ್ದೇನೆ. ಅವರ ಪರಿಚಯದವರೊಬ್ಬರು ಕೊಟ್ಟ ಚಾರ್ಟಿನಂತೆ ಬೆಳಿಗ್ಗೆ ನೀರಿನಲ್ಲಿ ಕದಡಿದ ಪುಡಿ, ಮಧ್ಯಾಹ್ನ ಸೌತೆಕಾಯಿ ಮತ್ತು ನೀರುಮಜ್ಜಿಗೆ, ರಾತ್ರಿ ಸೂಪು. ದಿನಕ್ಕೆ 800 ಕ್ಯಾಲರಿ. ಆರು ವಾರದಲ್ಲಿ 4 ಕಿಲೋ ಇಳಿಯಿತು, ಆಮೇಲೆ ಎರಡು ವಾರದಿಂದ ಒಂದು ಗ್ರಾಮೂ ಇಳಿದಿಲ್ಲ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ, ಬಾಚಣಿಗೆ ತುಂಬ ಕೂದಲು, ತರಗತಿಯಲ್ಲಿ ಮಕ್ಕಳ ಮೇಲೆ ಸಿಡುಕು. ರಾತ್ರಿ ಎರಡು ಗಂಟೆಗೆ ಎದ್ದು, ಮದುವೆಗೆಂದು ತಂದಿಟ್ಟ ಗೋಡಂಬಿಯ ಡಬ್ಬ ಖಾಲಿ ಮಾಡಿ, ನಾಚಿಕೆಯಿಂದ ಅಳುತ್ತೇನೆ. ನನಗೆ ಮನಸ್ಸಿನ ಹಿಡಿತವೇ ಇಲ್ಲವೇ? ಉಳಿದ 3 ಕಿಲೋ ಇಳಿಸಲು ಇನ್ನೇನು ಬಿಡಬೇಕು?

ಉತ್ತರ: ಇನ್ನೇನನ್ನೂ ಬಿಡಬೇಕಾಗಿಲ್ಲ, ಬಿಟ್ಟಿರುವುದನ್ನು ತಟ್ಟೆಗೆ ಮರಳಿ ತಂದುಕೊಳ್ಳಬೇಕಾಗಿದೆ. ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ಅನ್ನ, ಗಟ್ಟಿ ಬೇಳೆಯ ಹುಳಿ, ಒಂದು ಪಲ್ಯ, ಒಂದು ಬಟ್ಟಲು ಮೊಸರು ಇರುವ ಊಟವನ್ನು ನೆಮ್ಮದಿಯಾಗಿ ಕುಳಿತು ಹೊಟ್ಟೆ ತುಂಬುವಷ್ಟು ಮಾಡಿ. ಕಣ್ಣು ಕತ್ತಲೆ ಬರುತ್ತಿರುವುದರಿಂದ ಈ ವಾರದೊಳಗೆ ವೈದ್ಯರನ್ನು ಕಂಡು ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದಲ್ಲಿನ ಸಕ್ಕರೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಮಟ್ಟಗಳನ್ನು ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇಷ್ಟು ಕಡಿಮೆ ಊಟದ ಜೊತೆಗೆ ಅವೇ ಮಾತ್ರೆಗಳು ಅಪಾಯ ತರಬಲ್ಲವು. ಹಾಗಿದ್ದರೆ ವಾರದವರೆಗೆ ಕಾಯದೆ ಇಂದೇ ಅವರಿಗೆ ಫೋನ್ ಮಾಡಿ ತಿಳಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಗೋಡಂಬಿಯ ಡಬ್ಬದ ಮಾತು. ಹಸಿದ ದೇಹ ತನ್ನನ್ನು ಉಳಿಸಿಕೊಳ್ಳಲು ಮಾಡಿದ ಕೆಲಸಕ್ಕೆ ನೀವು ನಿಮ್ಮ ಸ್ವಭಾವವನ್ನು ದೂರುತ್ತಿದ್ದೀರಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು, ಹಸಿವು ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ದಾಖಲಿಸಿದರು. ಅವರೆಲ್ಲ ತಾವಾಗಿ ಒಪ್ಪಿ ಬಂದವರು. ದೇಹ, ಮನಸ್ಸು ಎರಡೂ ಗಟ್ಟಿಯಾಗಿವೆಯೆಂದು ಪರೀಕ್ಷಿಸಿ ಆರಿಸಿದವರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲರಿ. ದಿನ ಕಳೆದಂತೆ ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲದಾಯಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂರುವವರಾದರು, ಸಣ್ಣ ಮಾತಿಗೆ ಸಿಡುಕುವವರಾದರು, ಚಳಿ ತಡೆಯದಾಯಿತು, ಕೂದಲು ಉದುರಿತು, ಮನಸ್ಸು ಕುಗ್ಗಿತು. ಮತ್ತೆ ಊಟ ಸಿಕ್ಕಿದಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗದೆ ಹೋಯಿತು. ನಿಮ್ಮ ಚಾರ್ಟು ಕೊಡುತ್ತಿರುವುದು ಅವರಿಗೆ ಸಿಕ್ಕಿದ್ದರ ಅರ್ಧ. ಅಷ್ಟರಲ್ಲೇ ನೀವು ಇಡೀ ದಿನ ನಿಂತು ಪಾಠ ಮಾಡಿ, ಸಂಜೆ ಮದುವೆಯ ಓಡಾಟವನ್ನೂ ಮಾಡುತ್ತಿದ್ದೀರಿ.

ಎರಡು ವಾರದಿಂದ ತೂಕ ನಿಂತಿರುವುದಕ್ಕೂ ಕಾರಣ ಇಲ್ಲೇ ಇದೆ. ಊಟ ತೀರಾ ಕಡಿಮೆಯಾದರೆ ದೇಹ ಬರಗಾಲ ಬಂದಿದೆಯೆಂದು ತಿಳಿದು ಖರ್ಚನ್ನು ಬಿಗಿ ಹಿಡಿಯುತ್ತದೆ. ಅಮೆರಿಕದ ಒಂದು ದೂರದರ್ಶನ ಸ್ಪರ್ಧೆಯಲ್ಲಿ ವೇಗವಾಗಿ ತೂಕ ಇಳಿಸಿಕೊಂಡಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಹೆಚ್ಚಿನವರ ತೂಕ ಬಹುಪಾಲು ಮರಳಿತ್ತು. ಆದರೂ ಅವರ ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರದವರಿಗೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯೇ ಉಳಿದಿತ್ತು.

ಇನ್ನು ಹೊಟ್ಟೆಯೇ ಏಕೆ ಬೆಳೆಯಿತು ಎಂಬ ವಿಷಯ. ಅಂಡಾಶಯಗಳು ಈಸ್ಟ್ರೋಜನ್ ತಯಾರಿಸುತ್ತಿದ್ದ ವರ್ಷಗಳಲ್ಲಿ ಹೆಂಗಸರ ಕೊಬ್ಬು ತೊಡೆ ಮತ್ತು ನಿತಂಬಗಳಲ್ಲಿ ಶೇಖರವಾಗುತ್ತದೆ. ಆ ರಸದೂತ (ಹಾರ್ಮೋನು) ಇಳಿದಂತೆ ಅದು ಹೊಟ್ಟೆಯ ಕಡೆಗೆ ಜಾಗ ಬದಲಿಸುತ್ತದೆ. ಅಮೆರಿಕದಲ್ಲಿ ನಡುವಯಸ್ಸಿನ ಮಹಿಳೆಯರನ್ನು ವರ್ಷಗಟ್ಟಲೆ ಅನುಸರಿಸಿಕೊಂಡು ಬಂದ ‘ಸ್ವಾನ್’ ಅಧ್ಯಯನದಲ್ಲಿ ಕಂಡದ್ದೇನೆಂದರೆ, ಮುಟ್ಟು ನಿಲ್ಲುವ ಮೊದಲಿನ ಹಂತದಲ್ಲೇ ಕೊಬ್ಬು ಸೇರುವ ವೇಗ ಹೆಚ್ಚುತ್ತದೆ, ಸ್ನಾಯು ಕರಗತೊಡಗುತ್ತದೆ, ಕೊನೆಯ ಮುಟ್ಟಿನ ಸುಮಾರು ಎರಡು ವರ್ಷಗಳ ನಂತರ ಈ ಬದಲಾವಣೆ ನಿಧಾನವಾಗುತ್ತದೆ. ಅಂದರೆ ನೀವು ಆ ಬದಲಾವಣೆಯ ನಟ್ಟನಡುವೆ ಇದ್ದೀರಿ. ‘ಈ ವಯಸ್ಸಿಗೆ ಮೆಟಬಾಲಿಸಂ ಸತ್ತುಹೋಗುತ್ತದೆ, ಅದಕ್ಕೇ ಅರ್ಧ ತಿನ್ನಬೇಕು’ ಎಂದು ಚಾರ್ಟು ಕೊಡುವವರು ಹೇಳುತ್ತಾರೆ. ಅದು ಸರಿಯಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ 20ರಿಂದ 60ರ ವಯಸ್ಸಿನವರೆಗೆ ಶಕ್ತಿಯ ಖರ್ಚು ಬಹುಮಟ್ಟಿಗೆ ಒಂದೇ ಸಮನಿರುತ್ತದೆ. ಕರಗುವುದು ಸ್ನಾಯು, ಕೆಡುವುದು ನಿದ್ದೆ, ತಗ್ಗುವುದು ಓಡಾಟ.

ಹಾಗಿದ್ದರೂ ಮೂರು ವರ್ಷದಲ್ಲಿ 7 ಕಿಲೋ ಎಂಬುದು ವಯಸ್ಸಿನ ಲೆಕ್ಕಕ್ಕಿಂತ ಬಹಳ ಹೆಚ್ಚು. ಈ ವಯೋಮಾನದಲ್ಲಿ ಸರಾಸರಿ ವರ್ಷಕ್ಕೆ ಅರ್ಧ ಕಿಲೋದಷ್ಟು ಏರುವುದು ಸಾಮಾನ್ಯ. ಆದ್ದರಿಂದ ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಪರೀಕ್ಷೆಯನ್ನೂ, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಸುಸ್ತು, ಕೂದಲುದುರುವಿಕೆ, ತೂಕದ ಏರಿಕೆ ಈ ಮೂರೂ ಥೈರಾಯ್ಡ್ ಕೊರತೆಯಲ್ಲೂ ಕಾಣುತ್ತವೆ. ಮುಟ್ಟು ನಿಂತದ್ದರ ಮೇಲೆ ಎಲ್ಲವನ್ನೂ ಹೊರಿಸಿ ಅದನ್ನು ತಪ್ಪಿಸಿಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ.

ನಿಮ್ಮ ಚಾರ್ಟು ನನಗೆ ಭಯ ಹುಟ್ಟಿಸುವುದು ಮುಖ್ಯವಾಗಿ ಮೂಳೆಯ ಕಾರಣಕ್ಕೆ. ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷಗಳಲ್ಲಿ ಹೆಣ್ಣಿನ ಮೂಳೆಯ ಸಾಂದ್ರತೆ ಜೀವನದಲ್ಲೇ ಅತಿ ವೇಗವಾಗಿ ಇಳಿಯುತ್ತದೆ. ಕೆಲವರಲ್ಲಿ ಐದನೇ ಒಂದು ಭಾಗದವರೆಗೂ ಹೋಗಬಹುದು. ಇದೇ ಹೊತ್ತಿನಲ್ಲಿ ಹಾಲು, ಬೇಳೆ ಎರಡನ್ನೂ ಬಿಟ್ಟರೆ ಮೂಳೆಗೂ ಸ್ನಾಯುವಿಗೂ ಒಟ್ಟಿಗೆ ಪೆಟ್ಟು. ವ್ಯಾಯಾಮವಿಲ್ಲದೆ ಉಪವಾಸದಿಂದ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವೇ ಆಗಿರುತ್ತದೆ. ಮರಳಿ ಬರುವಾಗ ಬರುವುದು ಹೆಚ್ಚಾಗಿ ಕೊಬ್ಬು. ಹೀಗೆ ನಾಲ್ಕು ಸಲ ಇಳಿಸಿ ಏರಿಸಿಕೊಂಡ ಹೆಂಗಸು, ಅದೇ ತೂಕದಲ್ಲಿ, ಮೊದಲಿಗಿಂತ ದುರ್ಬಲಳಾಗಿರುತ್ತಾಳೆ. ಎಪ್ಪತ್ತರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ತಾಯಂದಿರು ನಮ್ಮೆಲ್ಲರ ಬಳಗದಲ್ಲೂ ಇದ್ದಾರೆ. ಆ ಮುರಿತದ ತಯಾರಿ ನಡೆಯುವುದು ನಿಮ್ಮ ವಯಸ್ಸಿನಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 250. ಎಳ್ಳಿನ ಚಟ್ನಿಪುಡಿ, ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಸಿಗುವ ಸೊಪ್ಪುಗಳು ಉಳಿದದ್ದನ್ನು ತುಂಬಿಕೊಡುತ್ತವೆ. ಪ್ರೋಟೀನು ನಿಮ್ಮ ತೂಕದ ಪ್ರತಿ ಕಿಲೋಗೆ ಒಂದು ಗ್ರಾಮಿನಷ್ಟಾದರೂ ಇರಲಿ, ಅಂದರೆ ದಿನಕ್ಕೆ 60ರಿಂದ 65 ಗ್ರಾಂ. ಮೂರು ಹೊತ್ತಿಗೂ ಹಂಚಿಹೋಗಲಿ. ಉಪ್ಪಿಟ್ಟಿಗೆ ಬರೀ ರವೆ ಸಾಲದು, ಹಿಡಿ ತುಂಬ ಕಡಲೆಕಾಯಿ ಬೀಜ ಮತ್ತು ಬಟಾಣಿ ಬೀಳಲಿ. ಇಡ್ಲಿಯ ಜೊತೆ ಸಾಂಬಾರು ನೀರಾಗಿರದೆ ಗಟ್ಟಿಯಾಗಿರಲಿ. ಹೆಸರುಬೇಳೆ ಕೋಸಂಬರಿ ಹಬ್ಬಕ್ಕೆ ಮಾತ್ರ ಎಂಬ ನಿಯಮ ಬೇಡ. ಅವರೆಕಾಯಿ ಕಾಲದಲ್ಲಂತೂ ಚಿಂತೆಯೇ ಇಲ್ಲ. ಅನ್ನ ನಿಮ್ಮ ಶತ್ರುವಲ್ಲ; ಅನ್ನದ ರಾಶಿಯ ಮೇಲೆ ಎರಡು ಸೌಟು ತಿಳಿಸಾರು ಎಂಬ ಲೆಕ್ಕವನ್ನು ತಿರುಗಿಸಿ, ಕಾಳು, ಸೊಪ್ಪು, ತರಕಾರಿ ಮುಂದೆ ಬಂದು ಅನ್ನ ಅವುಗಳ ಜೊತೆಗಿದ್ದರೆ ಸಾಕು.

ನಡಿಗೆ ಒಳ್ಳೆಯದು, ಬ್ಯೂಗಲ್ ರಾಕ್ ಉದ್ಯಾನ ಮನೆಯ ಹತ್ತಿರವೇ ಇದೆ. ಆದರೆ ನಡಿಗೆಯೊಂದರಿಂದಲೇ ಸ್ನಾಯು ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆಯಂಥ ಚಟುವಟಿಕೆಯ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕೆನ್ನುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈಯನ್ನು ಹಿಂದೆ ಮುಂದೆ ಮಾಡುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತುವುದು, ಇಷ್ಟರಿಂದ ಆರಂಭಿಸಿ. ಒಂದೆರಡು ವಾರ ಸರಿಯಾಗಿ ಊಟ ಮಾಡಿ ತಲೆಸುತ್ತು ನಿಂತ ಮೇಲೆ ಮಾತ್ರ.

ಊಟ ಮರಳಿದಾಗ ಒಂದೆರಡು ಕಿಲೋ ಬೇಗನೆ ಏರುತ್ತದೆ. ಅದು ಬಹುಪಾಲು ನೀರು, ಹೆದರಬೇಡಿ. ಮದುವೆಯ ಹೊಸ ರವಿಕೆಗೆ ಇನ್ನು ಎರಡು ತಿಂಗಳ ನಂತರದ ಮೈಯ ಅಳತೆಯನ್ನೇ ಕೊಡಿ, ಇಳಿಯಬಹುದೆಂದು ಊಹಿಸಿದ ಅಳತೆಯನ್ನಲ್ಲ. ವಾರಗಿತ್ತಿಯವರು ಮತ್ತೆ ಕೇಳಿದರೆ, ‘ಅಕ್ಕ, ತಲೆಸುತ್ತು ಬರ್ತಿತ್ತು, ಡಾಕ್ಟರು ಊಟ ಬಿಡಬಾರದು ಅಂದಿದ್ದಾರೆ’ ಎಂದು ಒಂದೇ ವಾಕ್ಯ ಹೇಳಿ ಬೇರೆ ಮಾತಿಗೆ ಹೋಗಿ. ನನ್ನ ಹೆಸರಿನಲ್ಲೇ ಹೇಳಿ, ತಪ್ಪಿಲ್ಲ.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ. ವಯಸ್ಸು 47. ವರ್ಷದಿಂದ ಮುಟ್ಟು ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ಹದಿನೈದು ದಿನಕ್ಕೆ. ಬಂದರೆ ಹತ್ತು ದಿನ ವಿಪರೀತ ಹೋಗುತ್ತದೆ. ರಾತ್ರಿ ಬೆವತು ಎದ್ದರೆ ಮತ್ತೆ ನಿದ್ದೆಯಿಲ್ಲ, ನಾಲ್ಕೂವರೆಗೆ ಏಳಲೇಬೇಕು. ಮಂಡಿ ನೋವೆಂದು ಹೋದರೂ ರಕ್ತ ಹೋಗುತ್ತದೆಂದು ಹೋದರೂ ವೈದ್ಯರು ‘ತೂಕ ಇಳಿಸಮ್ಮ’ ಎನ್ನುತ್ತಾರೆ. ಅದಕ್ಕೆ ಬೆಳಗಿನ ತಿಂಡಿ ಬಿಟ್ಟಿದ್ದೇನೆ. ಜಿಮ್ಮಿಗೆ ಹೋಗಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ.

ಉತ್ತರ: ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಆ ಮಾತನ್ನು ಬಹಳ ಹೆಂಗಸರಿಗೆ ಹೇಳಿದ್ದೇನೆ, ಮತ್ತು ಹಾಗೆ ಹೇಳಿ ಕಳಿಸಿದವರಲ್ಲಿ ಯಾರ ರಕ್ತಹೀನತೆ, ಯಾರ ಗರ್ಭಕೋಶದ ಗಡ್ಡೆ ನನ್ನ ಕಣ್ಣು ತಪ್ಪಿತೋ ಎಂದು ಈಗಲೂ ಕೊರಗುತ್ತೇನೆ. ಹತ್ತು ದಿನ ವಿಪರೀತ ರಕ್ತ ಹೋಗುವುದಕ್ಕೆ ತೂಕ ಇಳಿಸಿ ಎಂಬುದು ಉತ್ತರವಾಗಲಾರದು. ನಿಮ್ಮ ಇಎಸ್‌ಐ ಕಾರ್ಡ್ ತೆಗೆದುಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ, ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕೆಂದು ಬಾಯಿಬಿಟ್ಟು ಕೇಳಿ. ಬೇಕಾದರೆ ಗರ್ಭಕೋಶದ ಒಳಪದರದ ತುಣುಕನ್ನೂ ಪರೀಕ್ಷಿಸುತ್ತಾರೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ನಿಮ್ಮ ಸುಸ್ತಿನ ಅರ್ಧ ಕಾರಣ ಅದೇ ಆಗಿರಬಹುದು. ಇನ್ನೊಂದು ಮಾತನ್ನು ಎಲ್ಲ ಓದುಗರೂ ನೆನಪಿಡಬೇಕು: ಮುಟ್ಟು ನಿಂತು ಪೂರ್ತಿ ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು.

ರಾತ್ರಿಯ ಬೆವರಿಗೆ ಚಿಕಿತ್ಸೆಯಿದೆ, ಅದನ್ನೂ ಕೇಳಿ. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ರಸದೂತ ಹೆಚ್ಚುತ್ತದೆ, ಹೊಟ್ಟೆ ತುಂಬಿತೆಂದು ತಿಳಿಸುವುದು ತಗ್ಗುತ್ತದೆ. ಮಾರನೆಯ ದಿನ ಸಿಹಿ ಮತ್ತು ಕರಿದ ತಿಂಡಿಗೆ ಬಾಯಿ ಎಳೆಯುವುದು ಸಹಜ. ತಿಂಡಿ ಬಿಟ್ಟು ಹತ್ತು ಗಂಟೆಗೆ ಸಕ್ಕರೆ ಟೀ, ಬನ್ನು ತಿನ್ನುವುದಕ್ಕಿಂತ ಮನೆಯಿಂದ ಹೊರಡುವ ಮೊದಲು ರಾಗಿ ರೊಟ್ಟಿ, ಹುರುಳಿ ಚಟ್ನಿ, ತಿನ್ನುವವರಾದರೆ ಒಂದು ಮೊಟ್ಟೆ ಹೊಟ್ಟೆಗೆ ಬೀಳಲಿ. ಬಸ್ಸಾರು, ಮುದ್ದೆ, ಹುರುಳಿ, ಸೊಪ್ಪು ನಿಮ್ಮ ಮನೆಯಲ್ಲಿ ಮೊದಲಿನಿಂದ ಇದ್ದದ್ದೇ. ಸಾವಿರಾರು ರೂಪಾಯಿಯ ಡಬ್ಬದ ಪುಡಿಯಲ್ಲಿ ಅದಕ್ಕಿಂತ ದೊಡ್ಡದೇನೂ ಇಲ್ಲ. ಶೌಚಾಲಯಕ್ಕೆ ಬಿಡುವುದಿಲ್ಲವೆಂದು ನೀರು ಕುಡಿಯದೆ ಇರಬೇಡಿ. ಮಂಡಿಗೆ ತೊಡೆಯ ಸ್ನಾಯುವೇ ಊರುಗೋಲು: ಮಂಚದ ಅಂಚಿನಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದನ್ನು ಬೆಳಿಗ್ಗೆ ಸಂಜೆ ಹತ್ತು ಹತ್ತು ಸಲ ಮಾಡಿ. ಅದಕ್ಕೆ ಹತ್ತು ನಿಮಿಷ ಸಾಕು.

ಪ್ರಶ್ನೆ: ನಾನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಮ್ಮನಿಗೆ 51, ಮಲ್ಲೇಶ್ವರದಲ್ಲಿದ್ದಾರೆ. ಮೊದಲು ಶನಿವಾರ ಒಪ್ಪತ್ತು ಮಾಡುತ್ತಿದ್ದರು. ಮುಟ್ಟು ನಿಂತು ಸ್ವಲ್ಪ ದಪ್ಪಗಾದ ಮೇಲೆ ಸೋಮವಾರ, ಗುರುವಾರ, ಏಕಾದಶಿ, ಸಂಕಷ್ಟಿ ಎಲ್ಲವೂ ಸೇರಿವೆ. ದಿನಕ್ಕೆ ಮೂರು ಸಲ ತೂಕ ನೋಡುತ್ತಾರೆ. ನನಗೆ ಬಡಿಸಿ ‘ನನ್ನದಾಯ್ತು’ ಎನ್ನುತ್ತಾರೆ, ಆಗಿರುವುದಿಲ್ಲ. ನೆಂಟರೆಲ್ಲ ‘ಎಷ್ಟು ಸಣ್ಣಗಾಗಿದ್ದೀಯ’ ಎಂದು ಹೊಗಳುತ್ತಾರೆ. ವ್ರತವೆಂದಾಗ ನಾನು ಏನು ಹೇಳಲಿ?

ಉತ್ತರ: ನೀವು ಕಂಡದ್ದು ಸರಿಯಾಗಿಯೇ ಕಂಡಿದ್ದೀರಿ. ಊಟದ ಕಾಯಿಲೆಗಳು ಹದಿಹರೆಯದವರಿಗೆ ಮಾತ್ರ ಬರುತ್ತವೆಂಬ ನಂಬಿಕೆಯಿಂದಾಗಿ ನಡುವಯಸ್ಸಿನ ತಾಯಂದಿರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. 50 ದಾಟಿದ ಅಮೆರಿಕದ ಮಹಿಳೆಯರ ಒಂದು ಸಮೀಕ್ಷೆಯಲ್ಲಿ, 2012ರಲ್ಲಿ, ಸುಮಾರು ಶೇಕಡ 13 ಮಂದಿ ಇಂಥ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಮೈನೆರೆಯುವ ವಯಸ್ಸಿನಂತೆಯೇ ಮುಟ್ಟು ನಿಲ್ಲುವ ವಯಸ್ಸಿನಲ್ಲೂ ರಸದೂತಗಳು ಅಲ್ಲಾಡುತ್ತವೆ, ಮೈಯ ಆಕಾರ ತಾನು ಬಲ್ಲದ್ದಲ್ಲವೆನಿಸುತ್ತದೆ. ಎಳೆಯ ಹುಡುಗಿ ಊಟ ಬಿಟ್ಟರೆ ಮುಟ್ಟು ನಿಂತು ಮನೆಯವರಿಗೆ ಎಚ್ಚರಿಕೆ ಸಿಗುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಆ ಎಚ್ಚರಿಕೆಯೂ ಇಲ್ಲ.

ವ್ರತದ ಬಗ್ಗೆ ವಾದಕ್ಕೆ ಇಳಿಯಬೇಡಿ. ಅವರ ಭಕ್ತಿ ನಿಜವೇ ಇರಬಹುದು, ಅದರ ಮರೆಯಲ್ಲಿ ಭಯವೂ ಇರಬಹುದು. ವ್ರತ ಮುಗಿದ ಮಾರನೆಯ ದಿನ ಸಂತೋಷದಿಂದ ಪಾರಣೆ ಮಾಡುತ್ತಾರೆಯೇ, ಅಥವಾ ಅಂದೂ ತಟ್ಟೆಯ ಮುಂದೆ ಹಿಂಜರಿಯುತ್ತಾರೆಯೇ ಎಂಬುದನ್ನು ಗಮನಿಸಿ. ವ್ಯತ್ಯಾಸ ಅಲ್ಲಿ ತಿಳಿಯುತ್ತದೆ. ಮಾತು ಆರಂಭಿಸುವಾಗ ತೂಕ, ಊಟ ಎರಡನ್ನೂ ಬಿಟ್ಟು, ‘ಅಮ್ಮ, ಈಚೆಗೆ ನೀನು ಸುಸ್ತಾಗಿ ಕಾಣ್ತೀಯ, ನನಗೆ ಭಯ ಆಗ್ತಿದೆ’ ಎಂದು ನಿಮ್ಮ ಭಯವನ್ನೇ ಹೇಳಿ. ನೀವು ಮನೆಯಲ್ಲಿರುವ ದಿನ ಅವರು ಬಡಿಸಿ ನಿಲ್ಲುವುದು ಬೇಡ, ಇಬ್ಬರಿಗೂ ನೀವೇ ಬಡಿಸಿ ಜೊತೆಗೆ ಕುಳಿತುಕೊಳ್ಳಿ. ನೆಂಟರಿಗೆ, ಮುಖ್ಯವಾಗಿ ಹೊಗಳುವ ನೆಂಟರಿಗೆ, ಅವರ ಮೈಯ ಬಗ್ಗೆ ಏನೂ ಆಡಬಾರದೆಂದು ಬೇರೆಯಾಗಿ ತಿಳಿಸಿ. ಆ ಹೊಗಳಿಕೆಯೇ ಈ ಕಾಯಿಲೆಯ ಗೊಬ್ಬರ. ತಲೆಸುತ್ತಿ ಬೀಳುವುದು, ಎದೆ ಡವಡವ, ಊಟವಾದೊಡನೆ ಬಚ್ಚಲಿಗೆ ಹೋಗಿ ವಾಂತಿ, ಭೇದಿ ಮಾತ್ರೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋಗಲು ಅವರು ಒಪ್ಪದಿದ್ದರೆ ಟೆಲಿ–ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಮೊದಲು ನೀವೇ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಮನೆಯವರೂ ಸಲಹೆ ಕೇಳಬಹುದು.

ಪ್ರಶ್ನೆ: ಮೈ ಬಿಸಿಯಾಗುವುದಕ್ಕೆ ವೈದ್ಯರು ಹಾರ್ಮೋನು ಚಿಕಿತ್ಸೆ ಹೇಳಿದ್ದಾರೆ. ಅದರಿಂದ ಇನ್ನೂ ದಪ್ಪಗಾಗುತ್ತೇನೆಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ವಯಸ್ಸು 52.

ಉತ್ತರ: ಹಾರ್ಮೋನು ಚಿಕಿತ್ಸೆಯಿಂದ ತೂಕ ಏರುವುದಿಲ್ಲ ಎಂಬುದು ಹೋಲಿಕೆಯ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿದೆ, ಅದು ತೂಕ ಇಳಿಸುವ ಔಷಧವೂ ಅಲ್ಲ. 2002ರಲ್ಲಿ ಈ ಚಿಕಿತ್ಸೆಯ ಬಗೆಗಿನ ಅಮೆರಿಕದ ದೊಡ್ಡ ಅಧ್ಯಯನವೊಂದು ಅಪಾಯ ಕಂಡು ಅರ್ಧಕ್ಕೆ ನಿಂತಾಗ ಎಲ್ಲ ಕಡೆ ಭಯ ಹರಡಿತು, ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. 60ರೊಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರಿಗೆ, ತೊಂದರೆ ತೀವ್ರವಾಗಿದ್ದರೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಮೂಳೆಗೂ ರಕ್ಷಣೆ ಸಿಗುತ್ತದೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಪಾರ್ಶ್ವವಾಯು, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಸಲ್ಲದು; ಅವರಿಗೆ ಹಾರ್ಮೋನು ಇಲ್ಲದ ಬೇರೆ ಔಷಧಗಳಿವೆ.

ಪ್ರಶ್ನೆ: ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡು ಅಪಾರ್ಟ್‌ಮೆಂಟಿನ ಗೆಳತಿ ತೆಳ್ಳಗಾಗಿದ್ದಾರೆ. ನನಗೆ 50, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 26, ಸಕ್ಕರೆ, ಬಿಪಿ ಎರಡೂ ಸರಿಯಾಗಿವೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್ ಇಂಜೆಕ್ಷನ್ ಆಗಲಿ, ಸೆಮಾಗ್ಲುಟೈಡ್ ಆಗಲಿ, ತೂಕಕ್ಕಾಗಿ ಅನುಮತಿ ಪಡೆದಿರುವುದು ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೆ ಕಾಯಿಲೆಯಿರುವವರಿಗೆ. ಅಂಥವರಿಗೆ ಅವು ನಿಜವಾಗಿ ಉಪಕಾರಿ, ತೆಗೆದುಕೊಳ್ಳುವವರನ್ನು ಯಾರೂ ಹೀನೈಸಬಾರದು. ಆದರೆ ಇಳಿಯುವ ತೂಕದಲ್ಲಿ ಸ್ನಾಯುವೂ ಸೇರಿರುತ್ತದೆ, ಮತ್ತು ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಹಿಂಬಾಲಿಸಿ ನೋಡಿದಾಗ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ನಿಮಗೆ ಕಾಯಿಲೆಯೇ ಇಲ್ಲದಿರುವಾಗ ಆ ದಾರಿ ಏಕೆ?

ಪ್ರಶ್ನೆ: ವಿಜಯನಗರದಲ್ಲಿದ್ದೇವೆ. ನನಗೆ 56, ಹೆಂಡತಿಗೆ 50. ಎರಡು ವರ್ಷದಿಂದ ಅವಳ ಹೊಟ್ಟೆ ಬಂದಿದೆ. ಅತ್ತೆಯವರು ಹೃದಯಾಘಾತದಿಂದ ತೀರಿಕೊಂಡರು, ಅದಕ್ಕೇ ಚಿಂತೆ. ತೂಕ ಇಳಿಸೆಂದರೆ ಅಳುತ್ತಾಳೆ, ಎರಡು ದಿನ ಮಾತು ಬಿಡುತ್ತಾಳೆ. ಹೇಗೆ ಹೇಳಲಿ?

ಉತ್ತರ: ನಿಮ್ಮ ಚಿಂತೆಗೆ ಆಧಾರವಿದೆ. ಹೊಟ್ಟೆಯೊಳಗಿನ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ನಂಟುಳ್ಳದ್ದು, ಭಾರತೀಯ ಮಹಿಳೆಯರಲ್ಲಿ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ವೈದ್ಯರು ಎಚ್ಚರ ವಹಿಸುತ್ತಾರೆ, ಮುಟ್ಟು ನಿಂತ ಮೇಲೆ ಹೃದಯಕ್ಕೆ ಮೊದಲಿದ್ದ ರಕ್ಷಣೆ ತಗ್ಗುವುದೂ ನಿಜ. ಆದರೆ ಈ ಅಪಾಯವನ್ನು ತಗ್ಗಿಸಲು ತೂಕದ ಯಂತ್ರವನ್ನು ನಡುವೆ ತರಬೇಕಾಗಿಲ್ಲ. ಸಕ್ಕರೆ ಏರುವ ಹಾದಿಯಲ್ಲಿದ್ದ 500ಕ್ಕೂ ಹೆಚ್ಚು ಭಾರತೀಯರ ಮೇಲೆ ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ತಿದ್ದುಪಡಿಯಿಂದ ಮಧುಮೇಹ ಬರುವ ಸಂಭವ ಸುಮಾರು ಶೇಕಡ 28ರಷ್ಟು ತಗ್ಗಿತು, ಅವರ ಸರಾಸರಿ ತೂಕ ಇಳಿಯದೆಯೇ. ನಾನು ಈ ಅಂಕಿಯನ್ನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ತೂಕ ಇಳಿಯಲಿಲ್ಲವೆಂದು ಬೇಸತ್ತು ನಡಿಗೆಯನ್ನೇ ನಿಲ್ಲಿಸಿಬಿಟ್ಟವರು ಬಹಳ.

ಆದ್ದರಿಂದ ಹೇಗೆ ಹೇಳಲಿ ಎಂದು ಕೇಳಿದ್ದಕ್ಕೆ, ಹೇಳಲೇಬೇಡಿ ಎಂಬುದು ನನ್ನ ಉತ್ತರ. ಆಕೆಗೆ ಕನ್ನಡಿಯಿದೆ, ಸೀರೆಯ ನೆರಿಗೆಯೇ ದಿನಾ ಹೇಳುತ್ತಿರುತ್ತದೆ. ನಿಮ್ಮ ಬಾಯಿಂದ ಬಂದಾಗ ಅದು ಇಪ್ಪತ್ತೈದು ಮೂವತ್ತು ವರ್ಷ ಜೊತೆಗಿದ್ದವರು ತನ್ನನ್ನು ಬೇಡವೆಂದಂತೆ ಕೇಳಿಸುತ್ತದೆ. ಅದರ ಬದಲು ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿ. ಸಂಜೆ ಆಕೆ ನಡೆಯಲು ಹೊರಡುವ ಮುಕ್ಕಾಲು ಗಂಟೆ ಅಡುಗೆಮನೆ ನಿಮ್ಮ ಪಾಲಿಗಿರಲಿ: ಸೊಪ್ಪು ಬಿಡಿಸಿ, ಕಾಳು ನೆನೆಹಾಕಿ, ಕುಕ್ಕರ್ ಇಡಿ. ಮನೆಗೆ ಬೇಕರಿಯ ಪೊಟ್ಟಣ ತರುವವರು ನೀವೇ ಆಗಿದ್ದರೆ ಅದನ್ನೂ ಕಡಿಮೆ ಮಾಡಿ. ಮುಂದಿನ ತಿಂಗಳು ಇಬ್ಬರೂ ಒಟ್ಟಿಗೆ ಹೋಗಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಅಳತೆಯ ಪಟ್ಟಿಯನ್ನು ಮೊದಲು ನಿಮ್ಮ ಸೊಂಟಕ್ಕೇ ಸುತ್ತಿಸಿಕೊಳ್ಳಿ, ಗಂಡಸರಿಗೆ ಆ ಗಡಿ 90 ಸೆಂಟಿಮೀಟರ್.